ರಾಯರು ಉಂಡ ಗೋಧಿ

ರಾಯರು ತೀರಿಕೊಂಡ ಎಂಟನೆಯ ದಿನ ಅವರ ತಮ್ಮ ನಮ್ಮ ವಾಡೆಯ ಬಾಗಿಲಿಗೆ ಬಂದು ನಿಂತರು. ವಿಜಾಪುರದಿಂದ ಬಂದು ಅಣ್ಣನ ಕ್ರಿಯೆಗೆ ಕೂತವರು. ಸೂತಕ, ಕರೆದರೂ ಒಳಗೆ ಬರಲಿಲ್ಲ. ಮೆಟ್ಟಿಲ ಕೆಳಗೆ ನಿಂತೇ ಹೇಳಿದರು.

"ಹನ್ನೊಂದನೇ ದಿನದ ಊಟಕ್ಕ ಕೂಡವರು ಯಾರೂ ಸಿಗವೊಲ್ರು ನೋಡ್ರಿ. ಇಡೀ ಪುಣಾ ತಿರುಗಿ ಬಂದೆ. ನೀವು ಅಣ್ಣನ ಕೈಕೆಳಗ ಹನ್ನೆರಡು ವರ್ಷ ಇದ್ದವರು. ನೀವು ಕೂತ್ರ ಕಾರ್ಯ ನಡೀತದ, ಇಲ್ಲಾಂದ್ರ ಇಲ್ಲ."

ಹನ್ನೊಂದನೆಯ ದಿನದ ಊಟ ಎಂದರೆ ಏನೆಂದು ನಮ್ಮವರಿಗೆ ಹೇಳಬೇಕಾಗಿಲ್ಲ. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಸತ್ತವನು ಆವತ್ತಿಗೆ ಇನ್ನೂ ಹಿರಿಯರ ಸಾಲಿಗೆ ಸೇರಿರುವುದಿಲ್ಲ. ಹಸಿದುಕೊಂಡು ಅಲೆಯುತ್ತಿರುತ್ತಾನಂತೆ. ಅವನ ಜಾಗದಲ್ಲಿ ಒಬ್ಬ ಬ್ರಾಹ್ಮಣನನ್ನು ಕೂರಿಸಿ, ಹೊಟ್ಟೆ ತುಂಬ ಉಣಿಸಿ, ಕೊನೆಗೆ "ತೃಪ್ತಿಯಾಯಿತೇ" ಎಂದು ಕೇಳಬೇಕು. ಉಂಡವನು "ಆಯಿತು" ಎನ್ನಬೇಕು. ಅಲ್ಲಿಗೆ ಸತ್ತವನ ಹಸಿವು ಅಡಗುತ್ತದೆ. ಆದರೆ ಸತ್ತವನ ಪಾಪವೆಲ್ಲ ಉಂಡವನ ಹೊಟ್ಟೆಗೆ ಹೋಗುತ್ತದೆ ಎಂದು ಜನ ಹೆದರುತ್ತಾರೆ. ಆ ಊಟಕ್ಕೆ ಕೂರುವವರು ಊರಿಗೆ ಇಬ್ಬರೋ ಮೂವರೋ ಇರುತ್ತಾರೆ. ಪುಣೆಯಲ್ಲಿದ್ದ ಅಂಥ ಇಬ್ಬರನ್ನೂ ರಾಯರು ಬದುಕಿದ್ದಾಗಲೇ ತಮ್ಮ ವಾಡೆಯ ನಳದ ಹತ್ತಿರ ಬರಗೊಡದೆ ಅಟ್ಟಿದ್ದರು. "ಹೆಣದ ಕೂಳು ತಿನ್ನವರು, ನಳಾ ಮುಟ್ಟಬ್ಯಾಡ್ರಿ" ಎಂದು ನಾಲ್ಕು ಜನರೆದುರು ಅಂದಿದ್ದರು. ಈಗ ಅವರು ಯಾಕೆ ಬಂದಾರು?

"ನಾಳೆ ಹೇಳ್ತೀನಿ" ಎಂದು ಅವರ ತಮ್ಮನನ್ನು ಕಳಿಸಿದೆ. ನನಗೆ ಬಂದದ್ದು ದುಃಖವಲ್ಲ, ಹೇಸಿಗೆ. ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕು ಎನ್ನುವವರು ಇಲ್ಲಿಗೇ ಓದುವುದನ್ನು ನಿಲ್ಲಿಸಿದರೆ ನನ್ನದೇನೂ ತಕರಾರಿಲ್ಲ.

ಹೆಸರು ಬೇಡ. ಲಷ್ಕರದ ನಮ್ಮ ಸಾಮಾನು ಸರಬರಾಜು ಆಫೀಸಿನಲ್ಲಿ ಅವರು ಹೆಡ್‌ಕ್ಲಾರ್ಕು. ಎಲ್ಲರೂ ರಾಯರು ಎನ್ನುತ್ತಿದ್ದೆವು. ತೆಳ್ಳಗೆ, ಬೆಳ್ಳಗೆ, ಇಸ್ತ್ರಿ ಮಾಡಿದ ಕೋಟು, ಮೂಗಿನ ಮೇಲೆ ಯಾವಾಗಲೂ ಎರಡು ಗೆರೆ. ಆ ಗೆರೆಗಳು ಹುಟ್ಟಿನಿಂದ ಬಂದವಲ್ಲ, ಮೂಗು ಸೊಟ್ಟ ಮಾಡಿ ಮಾಡಿ ಬಿದ್ದವು. ಲೋಕದಲ್ಲಿ ಅವರಿಗೆ ಹೇಸಿಗೆ ಹುಟ್ಟಿಸದ ಪದಾರ್ಥ ಇರಲಿಲ್ಲ. ಕಾರಕೂನರು ಬೆರಳಿಗೆ ಎಂಜಲು ಹಚ್ಚಿ ಕಾಗದ ತಿರುವುತ್ತಾರೆಂದು ಫೈಲುಗಳನ್ನು ಪೆನ್ಸಿಲ್ಲಿನ ತುದಿಯಿಂದ ತೆರೆಯುತ್ತಿದ್ದರು. ನಾನು ಸೇರಿದ ಮೊದಲನೆಯ ದಿನ ನನ್ನನ್ನು ಮೇಜಿನ ಮುಂದೆ ನಿಲ್ಲಿಸಿಕೊಂಡು ಒಂದು ಸಲ ಮೂಸಿದರು. ಸುಳ್ಳಲ್ಲ, ಮೂಸಿದರು. "ತಲೀಗೆ ಏನು ಎಣ್ಣಿ ಹಚ್ಚೀರಿ? ನಾರ್ತದ. ಕಿಡಕೀ ಕಡೆ ಕೂಡ್ರಿ" ಅಂದರು. ನಮ್ಮೂರಿನಿಂದ ಅವ್ವ ಕಾಸಿ ಕಳಿಸಿದ ಎಣ್ಣೆ ಅದು. ಅಂದಿನಿಂದ ಹನ್ನೆರಡು ವರ್ಷ ನಾನು ಕಿಡಕಿಯ ಹತ್ತಿರವೇ ಕೂತೆ.

ಅವರ ಬಾಯಲ್ಲಿ ಒಂದು ಮಾತು ಸದಾ ಇತ್ತು. "ಹೊಲಸು ಮಂದಿ." ಸಾಹೇಬ ಮಾಂಸ ತಿನ್ನುತ್ತಾನೆ, ಹೊಲಸು ಮಂದಿ. ಸಿಪಾಯಿ ತಂಬಾಕು ಉಗುಳುತ್ತಾನೆ, ಹೊಲಸು ಮಂದಿ. ಮಂಗಳೂರ ಕಡೆಯವರು ಹೊಸದಾಗಿ ತೆಗೆದ ಹೋಟೆಲಿನಲ್ಲಿ ನಾವು ಇಡ್ಲಿ ತಿಂದು ಬಂದರೆ ನಮ್ಮ ಕೈಯಿಂದ ಆ ದಿನ ಕಾಗದ ತೆಗೆದುಕೊಳ್ಳುತ್ತಿರಲಿಲ್ಲ. ಮೇಜಿನ ಮೇಲೆ ಇಡಿಸಿ, ನಾವು ಹೋದ ಮೇಲೆ ಎತ್ತಿಕೊಳ್ಳುತ್ತಿದ್ದರು. ಶನಿವಾರ ಪೇಠೆಯ ಅವರ ವಾಡೆಯಲ್ಲಿ ಎಂಟು ಮನೆಗೆ ಒಂದೇ ನಳ. ರಾಯರು ಬೆಳಿಗ್ಗೆ ಹುಣಸೆಹಣ್ಣು ಹಚ್ಚಿ ಆ ನಳವನ್ನು ತಿಕ್ಕಿ, ಬೂದಿಯಿಂದ ಇನ್ನೊಮ್ಮೆ ತಿಕ್ಕಿ, ಆಮೇಲೆ ಕೊಡ ಹಿಡಿಯುತ್ತಿದ್ದರು. ಹಿಂದೆ ಏಳು ಮನೆಯವರು ಕೊಡ ಹಿಡಿದು ನಿಂತಿರುತ್ತಿದ್ದರು. ವಾಡೆಯ ಮುದುಕಿ ಮಾಲಕಿ ಒಂದು ದಿನ ಮರಾಠಿಯಲ್ಲಿ ಅಂದೇ ಬಿಟ್ಟಳು: "ರಾವ್, ನಳ ಆಹೇ, ದೇವ ನಾಹೀ." ಇದು ನಳ, ದೇವರಲ್ಲ ಮಾರಾಯ ಎಂದು. ರಾಯರು ಆ ಮುದುಕಿಯ ಜೊತೆ ಮಾತು ಬಿಟ್ಟರು.

ಒಂದು ಮಾತು ಹೇಳಲೇಬೇಕು, ಹೇಳದಿದ್ದರೆ ನಾನೂ ಅವರಂಥವನೇ ಆಗುತ್ತೇನೆ. ಯುದ್ಧಕಾಲದಲ್ಲಿ ನಮ್ಮಿಬ್ಬರನ್ನೂ ಗ್ರೀಸ್ ದೇಶಕ್ಕೆ ಹಾಕಿದಾಗ ಹಡಗಿನಲ್ಲಿ ನನಗೆ ಜ್ವರ ಬಂತು. ಎಂಟು ದಿನ ರಾಯರು ತಾವೇ ಗಂಜಿ ಕಾಸಿ ತಂದರು. ಬಾಗಿಲಲ್ಲೇ ನಿಂತು, ಬಟ್ಟಲನ್ನು ನೆಲಕ್ಕಿಟ್ಟು, ಕೊಡೆಯ ತುದಿಯಿಂದ ನನ್ನ ಕಡೆಗೆ ನೂಕುತ್ತಿದ್ದರು. ಮೂಗಿಗೆ ಕರ್ಚೀಫು ಕಟ್ಟಿಕೊಂಡಿರುತ್ತಿದ್ದರು. ಆದರೂ ಎಂಟು ದಿನ ತಂದರು. ಅದನ್ನು ನಾನು ಮರೆತಿಲ್ಲ.

ಸಲೋನಿಕಾ ಎಂಬ ಬಂದರಿನಲ್ಲಿ ನಮ್ಮ ಡಿಪೋ. ಅಷ್ಟರಲ್ಲಿ ಯುದ್ಧ ಮುಗಿದಿತ್ತು. ಜರ್ಮನರು ಹೋಗುವಾಗ ಆ ದೇಶದಲ್ಲಿ ತಿನ್ನಲು ಏನೂ ಉಳಿಸಿ ಹೋಗಿರಲಿಲ್ಲ. ಹಳ್ಳಿಗಳಿಗೆ ಹಂಚಲು ಹಡಗಿನಲ್ಲಿ ಗೋಧಿ ಬರುತ್ತಿತ್ತು. ಅದನ್ನು ಇಳಿಸಿಕೊಂಡು ಚೀಲ ಚೀಲವಾಗಿ ಕಳಿಸುವುದು ನಮ್ಮ ಕೆಲಸ. ಚೀಲ ಎತ್ತುವಾಗ ಕಾಳು ಚೆಲ್ಲುತ್ತಿತ್ತು. ಚೆಲ್ಲಿದ್ದನ್ನು ಗುಡಿಸಿಕೊಳ್ಳಲು ಕಪ್ಪು ಬಟ್ಟೆಯ ಮುದುಕಿಯರು ಬೇಲಿಯ ಹೊರಗೆ ಕಾದು ಕೂತಿರುತ್ತಿದ್ದರು. "ಬೂಟಿನ ಕೆಳಗಿನ ಕಾಳು ತಿಂತಾವ, ಹೊಲಸು ಮಂದಿ" ಎಂದು ರಾಯರು ಮೂಗು ಮುಚ್ಚಿಕೊಳ್ಳುತ್ತಿದ್ದರು. ಆದರೆ ಸಂಜೆ ಐದಕ್ಕೆ ಗೇಟು ತೆಗೆಸುತ್ತಿದ್ದವರೂ ಅವರೇ. ಇಲ್ಲದಿದ್ದರೆ ಇಲಿ ಬರುತ್ತವೆ ಎಂಬುದು ಅವರ ಕಾರಣ.

ಆ ಮುದುಕಿಯರಲ್ಲಿ ಒಬ್ಬಳು ಬೇರೆಯ ಥರ. ಗುಡಿಸಿದ ಕಾಳನ್ನು ಅಲ್ಲೇ ಗೋಡೆಯ ಬುಡದಲ್ಲಿ ಕೂತು ಆರಿಸುತ್ತಿದ್ದಳು. ಒಡೆದ ಕಾಳು ಒಂದು ಚೀಲಕ್ಕೆ, ಇಡೀ ಕಾಳು ಒಂದು ಸಣ್ಣ ಬಟ್ಟೆಯ ಗಂಟಿಗೆ. ಇಡೀ ಕಾಳನ್ನು ಒಂದೊಂದಾಗಿ ತಲೆವಸ್ತ್ರದ ಅಂಚಿನಲ್ಲಿ ಒರೆಸಿ ಹಾಕುತ್ತಿದ್ದಳು. ರಾಯರು ಕಿಡಕಿಯಿಂದ ನೋಡಿ, "ಈಕೀ ಒಬ್ಬಾಕಿ ಚೊಕ್ಕ ಹೆಣ್ಮಗಳು ನೋಡ್ರಿ" ಎಂದರು. ನಾನು ಕೇಳಿದ ಮಟ್ಟಿಗೆ ರಾಯರು ಮನುಷ್ಯರೊಬ್ಬರನ್ನು ಹೊಗಳಿದ್ದು ಅದೊಂದೇ ಸಲ.

ಆಕೆಯ ಊರಿನ ಶಾಲಾ ಮಾಸ್ತರರೊಬ್ಬರು ನಮ್ಮ ಡಿಪೋದಲ್ಲಿ ದುಭಾಷಿಯಾಗಿದ್ದರು. ಇಂಗ್ಲಿಷ್ ಚೆನ್ನಾಗಿ ಬರುತ್ತಿತ್ತು. ಒಂದು ಶನಿವಾರ ಅವರು ಬಂದು, ನಾಳೆ ನಮ್ಮೂರಿಗೆ ಬನ್ನಿ, ಗುಡಿಯಲ್ಲಿ ಪೂಜೆ ಇದೆ, ನೀವು ಬಂದರೆ ಆ ಮುದುಕಿಗೆ ಬಹಳ ಸಂತೋಷವಾಗುತ್ತದೆ, ನಮ್ಮಲ್ಲಿ ಈಗ ಜನ ಕಡಿಮೆ ಎಂದರು.

ರಾಯರು ಸುಮ್ಮನೆ ಹೂಂ ಎನ್ನುವವರೇ? ಕಟಕಟೆಯಲ್ಲಿ ನಿಲ್ಲಿಸಿದಂತೆ ಕೇಳಿದರು. ಮಾಂಸ ಇರುತ್ತದೆಯೇ? ಇಲ್ಲ. ತತ್ತಿ? ಇಲ್ಲ. ಮೀನು? ಇಲ್ಲ. ಸಾರಾಯಿ ಮುಟ್ಟಿದ ಪಾತ್ರೆ? ಇಲ್ಲ. ಮತ್ತೇನಿರುತ್ತದೆ? ಬೇಯಿಸಿದ ಗೋಧಿ, ದಾಳಿಂಬೆ, ದ್ರಾಕ್ಷಿ, ಅಕ್ರೋಟ ಎಂದರು ಮಾಸ್ತರರು. ಅದನ್ನು ದೇವರ ಮುಂದೆ ಇಟ್ಟು, ಮಂತ್ರ ಹೇಳಿ, ಎಲ್ಲರಿಗೆ ಕೊಡುತ್ತೇವೆ.

"ಪ್ರಸಾದ" ಎಂದರು ರಾಯರು ನನ್ನ ಕಡೆ ತಿರುಗಿ. "ಇವರಲ್ಲಿಯೂ ಪ್ರಸಾದ ಅದ ಅಂದ್ರ ಅಷ್ಟೇನು ಹೊಲಸು ಮಂದಿ ಅಲ್ಲ."

ಎಲ್ಲವನ್ನೂ ಕೇಳಿದರು. ಯಾರಿಗಾಗಿ ಎಂದು ಮಾತ್ರ ಕೇಳಲಿಲ್ಲ. ನಾನೂ ಕೇಳಲಿಲ್ಲ. ಗುಡಿಯಲ್ಲಿ ದೇವರ ಮುಂದಿಟ್ಟು ಹಂಚಿದ್ದು ಪ್ರಸಾದವಲ್ಲದೆ ಬೇರೇನೋ ಆಗಬಹುದೆಂಬುದು ನಮ್ಮ ತಲೆಗೇ ಹೊಳೆಯುವಂಥದಲ್ಲ. ನಮ್ಮಲ್ಲಿ ಸತ್ತವರ ಅನ್ನ ಗುಡಿಯ ಹೊಸ್ತಿಲು ದಾಟುವುದುಂಟೇ?

ಭಾನುವಾರ ಮಿಲಿಟರಿ ಲಾರಿಯಲ್ಲಿ ಗುಡ್ಡದ ಬುಡದವರೆಗೆ ಹೋಗಿ, ಅಲ್ಲಿಂದ ಒಂದು ತಾಸು ಏರಿದೆವು. ಪುಣೆಯಲ್ಲಿ ಮಳೆಗಾಲ ಮುಗಿಯುವ ಹೊತ್ತು. ಅಲ್ಲಿ ಬಿಸಿಲು ತೆಳ್ಳಗಾಗಿತ್ತು. ದಾರಿಯ ಎರಡೂ ಕಡೆ ತಂಬಾಕಿನ ಹೊಲ. ನಿಪ್ಪಾಣಿಯ ಕಡೆಯ ಎಲೆಗಿಂತ ಸಣ್ಣ ಎಲೆ. ದಾರಕ್ಕೆ ಪೋಣಿಸಿ ಮನೆ ಮನೆಯ ಗೋಡೆಗೆ ಮಾಲೆ ಮಾಡಿ ಒಣಹಾಕಿದ್ದರು. ರಾಯರು ಅದಕ್ಕೂ ಮೂಗು ಮುಚ್ಚಿಕೊಂಡರು. ಆಡಿನ ಹಿಂಡು ಎದುರಾದಾಗ ಬೇಲಿ ಹತ್ತಿ ನಿಂತರು. ಒಬ್ಬ ಮುದುಕ ಚರ್ಮದ ಚೀಲದಲ್ಲಿ ಗಿಣ್ಣದಂಥದ್ದೇನೋ ಹೊತ್ತು ಹೋಗುತ್ತಿದ್ದ. ಅವನು ಹೋಗಿ ಅರ್ಧ ತಾಸಾದರೂ ರಾಯರು ಉಗುಳುತ್ತಲೇ ಇದ್ದರು. ನಾನು ಮಾತ್ರ ನೋಡುತ್ತ ಹೋದೆ. ಕಲ್ಲಿನ ಮನೆಗಳು, ಕಲ್ಲಿನ ಚಾವಣಿ, ಊರ ನಡುವೆ ದೊಡ್ಡ ಅಕ್ರೋಟದ ಮರ, ಅದರ ಕೆಳಗೆ ಕಲ್ಲಿನ ಬಾಯಿಂದ ಸುರಿಯುವ ನೀರು. ಊರಿಗೆ ಊರೇ ಸದ್ದಿಲ್ಲ. ಗಂಡಸರೇ ಕಾಣಲಿಲ್ಲ. ನಾಯಿಯೂ ಬೊಗಳಲಿಲ್ಲ. ನಾಯಿಗಳನ್ನು ಆ ಹಸಿವಿನ ವರ್ಷ ತಿಂದಿದ್ದರೆಂದು ಮಾಸ್ತರರು ನನಗೊಬ್ಬನಿಗೇ ಮೆಲ್ಲಗೆ ಹೇಳಿದರು. ನಾನು ರಾಯರಿಗೆ ಹೇಳಲಿಲ್ಲ.

ಗುಡಿಯಲ್ಲಿ ಹದಿನೈದು ಜನ ಇದ್ದರೇನೋ. ದೇವರ ಮುಂದೆ ಒಂದು ತಟ್ಟೆ, ಅದರಲ್ಲಿ ಗುಡ್ಡೆ ಹಾಕಿದ ಗೋಧಿ, ನಡುವೆ ನಿಲ್ಲಿಸಿದ ಒಂದು ಮೇಣದ ಬತ್ತಿ. ಧೂಪ, ಮಂತ್ರ, ಗಂಟೆ. ರಾಯರು ಕೈ ಮುಗಿದು ನಿಂತರು. ಮುಗಿದ ಮೇಲೆ ಆ ಕಾಳು ಆರಿಸುತ್ತಿದ್ದ ಮುದುಕಿಯೇ ತಟ್ಟೆ ಹಿಡಿದು ಹೊರಗೆ ಬಂದು, ಅಂಗಳದಲ್ಲಿ ಒಬ್ಬೊಬ್ಬರ ಬಲಗೈಗೆ ಒಂದೊಂದು ಹಿಡಿ ಹಾಕಿದಳು. ಹಾಕಿಸಿಕೊಂಡವರು ಏನೋ ಎರಡು ಮಾತು ಅನ್ನುತ್ತಿದ್ದರು. ಅದು ದೇವರ ಸ್ತೋತ್ರವಿರಬೇಕೆಂದು ನಾವೂ ತುಟಿ ಅಲುಗಿಸಿದೆವು.

ರಾಯರು ಕಣ್ಣಿಗೆ ಒತ್ತಿಕೊಂಡು ಬಾಯಿಗೆ ಹಾಕಿಕೊಂಡರು. ಅಗಿದರು. ಮೂಗಿನ ಮೇಲಿನ ಆ ಎರಡು ಗೆರೆ ಮಾಯವಾದವು. ನಾನು ಅವರನ್ನು ಹಾಗೆ ಎಂದೂ ನೋಡಿರಲಿಲ್ಲ.

"ಗೋಧಿ ಹುಗ್ಗಿ ಇದ್ದಂಗ ಅದರೀ" ಎಂದರು. "ಬೆಲ್ಲ ಒಂದಿಲ್ಲ. ನಮ್ಮ ಅವ್ವ ಸೀಗಿ ಹುಣ್ಣಿಮಿಗೆ ಮಾಡ್ತಿದ್ಲು." ಮತ್ತೆ ಕೈ ಒಡ್ಡಿದರು. ಮುದುಕಿ ಹಾಕಿದಳು. ಮೂರನೆಯ ಸಲವೂ ಒಡ್ಡಿದರು. ಅವರ ಕಣ್ಣಲ್ಲಿ ನೀರಿತ್ತು. ಮುದುಕಿ ಅವರ ಗಂಟಲನ್ನೇ ನೋಡುತ್ತ ನಿಂತಿದ್ದಳು, ಪ್ರತಿಯೊಂದು ತುತ್ತೂ ಇಳಿಯುವುದನ್ನು ಎಣಿಸುವವಳಂತೆ. ಆಮೇಲೆ ಮಾಸ್ತರರ ಕಡೆ ತಿರುಗಿ ಬಡಬಡ ಏನೋ ಹೇಳಿದಳು.

ಮಾಸ್ತರರು ಸಂತೋಷದಿಂದ ನಮಗೆ ತಿಳಿಸಿದರು. ಈಕೆಯ ಮಗ ಥಾನಾಸಿ, ಇಪ್ಪತ್ತು ವರ್ಷದವನು, ಜರ್ಮನರು ಕಣಜ ಸುಟ್ಟು ಹೋದ ಚಳಿಗಾಲದಲ್ಲಿ ಹಸಿವಿನಿಂದ ಸತ್ತ. ಸತ್ತವರಿಗೆ ಗೋಧಿ ಬೇಯಿಸಿ ಹಂಚುವುದು ನಮ್ಮ ಪದ್ಧತಿ. ತಿಂದವರು ಅವನ ಹೆಸರು ಹೇಳಿ, ದೇವರು ಅವನನ್ನು ಕ್ಷಮಿಸಲಿ ಎನ್ನಬೇಕು. ಎಷ್ಟು ಬಾಯಿ ತಿಂದರೆ ಅವನಿಗೆ ಅಷ್ಟು ಒಳ್ಳೆಯದು. ಆಗ ಊರಿನಲ್ಲಿ ಒಂದು ಕಾಳೂ ಇರಲಿಲ್ಲ, ಮಾಡಲಾಗಲಿಲ್ಲ. ಮೂರು ವರ್ಷ ಹಾಗೇ ಉಳಿದಿತ್ತು. ನಿಮ್ಮ ಡಿಪೋದ ಕಾಳು ಕೂಡಿಸಿ ಕೂಡಿಸಿ ಈಕೆ ಇವತ್ತು ಮಾಡಿದಳು. ನೀವು ಮೂರು ಸಲ ತಿಂದಿರಿ, ನನ್ನ ಮಗನಿಗೆ ಹೊಟ್ಟೆ ತುಂಬಿತು ಎನ್ನುತ್ತಿದ್ದಾಳೆ.

ನನ್ನ ಹಿಡಿ ಇನ್ನೂ ನನ್ನ ಅಂಗೈಯಲ್ಲೇ ಇತ್ತು. ತಿನ್ನುವುದನ್ನು ಬಿಟ್ಟು ರಾಯರನ್ನೇ ನೋಡುತ್ತ ನಿಂತಿದ್ದೆ.

ರಾಯರು ಅಂಗೈಗೆ ಅಂಟಿದ್ದ ಒಂದು ಕಾಳನ್ನು ನೋಡಿದರು. ಆಮೇಲೆ ಕನ್ನಡದಲ್ಲಿ, ನನಗೆ, "ನನಗ ಪಿಂಡಾ ತಿನ್ನಿಸಿದ್ರು" ಎಂದರು. ಗುಡಿಯ ಗೋಡೆಯ ಹತ್ತಿರಕ್ಕೆ ಓಡಿದರು. ಗಂಟಲಿಗೆ ಎರಡು ಬೆರಳು ಹಾಕಿದರು. ಅಲ್ಲಿಯೇ, ಎಲ್ಲರೆದುರು, ಮೂರು ಹಿಡಿ ಗೋಧಿಯನ್ನೂ ಕಕ್ಕಿದರು. ಮುಗಿದ ಮೇಲೂ ಬೆರಳು ತೆಗೆಯಲಿಲ್ಲ. ಒಂದು ಕಾಳೂ ಒಳಗೆ ಉಳಿಯಬಾರದೆಂಬ ಹಟ. ಆ ಸಪ್ಪಳ ನನಗೆ ಈಗಲೂ ಕೇಳುತ್ತದೆ.

ಮುದುಕಿಗೆ ಏನೂ ತಿಳಿಯಲಿಲ್ಲ. ಹೊಟ್ಟೆ ಕೆಟ್ಟಿತೆಂದುಕೊಂಡು ಮಣ್ಣಿನ ತಂಬಿಗೆಯಲ್ಲಿ ನೀರು ತಂದು, ಇನ್ನೊಂದು ಕೈಯಿಂದ ರಾಯರ ಹಣೆ ಹಿಡಿಯಲು ಹೋದಳು. ನಮ್ಮ ತಾಯಂದಿರು ಹಿಡಿಯುತ್ತಾರಲ್ಲ, ಹಾಗೆಯೇ.

"ಮುಟ್ಟಬ್ಯಾಡ ಹೊಲಸು ಮುದುಕಿ" ಎಂದು ಅವಳ ಕೈಯನ್ನು ಝಾಡಿಸಿದರು. ತಂಬಿಗೆ ಬಿದ್ದು ಒಡೆಯಿತು.

ಕನ್ನಡ ಆಕೆಗೆ ಬರುತ್ತಿರಲಿಲ್ಲ, ಆದರೆ ಅಷ್ಟು ತಿಳಿಯಲು ಭಾಷೆ ಬೇಕೇ? ಒಂದಿಷ್ಟು ಹೊತ್ತು ನಿಂತು ನೋಡಿದಳು. ಎಲ್ಲಿಂದಲೋ ಎರಡು ಕೋಳಿ ಬಂದವು, ನೆಲದ ಮೇಲೆ ಬಿದ್ದದ್ದನ್ನು ಕುಕ್ಕಲು. ಅವನ್ನು ಓಡಿಸಿದಳು. ಕೂತು, ಎರಡೂ ಕೈಯಿಂದ ಮಣ್ಣು ಎಳೆದು ಎಳೆದು ಅದರ ಮೇಲೆ ಮುಚ್ಚಿದಳು. ಅಂಗೈಯಿಂದ ತಟ್ಟಿ ಸಮ ಮಾಡಿದಳು. ಎದೆಯ ಮೇಲೆ ಶಿಲುಬೆ ಬರೆದುಕೊಂಡಳು. 

ಆಮೇಲೆ ಎದ್ದು ನನ್ನ ಹತ್ತಿರ ಬಂದಳು. ನನ್ನ ಕೈ ಮುಚ್ಚಿತ್ತು. ಮಾಸ್ತರರು ಆಕೆಯ ಮಾತನ್ನು ತಿರುಗಿಸಿ ಹೇಳಿದರು: "ನೀನಾದರೂ ತಿಂದೆಯಾ ಎಂದು ಕೇಳುತ್ತಿದ್ದಾಳೆ."

ನಾನು ತಲೆಯಾಡಿಸಿದೆ. ತಿಂದೆ ಎಂದು. ಆಕೆ ನನ್ನ ಮುಚ್ಚಿದ ಮುಷ್ಟಿಯ ಮೇಲೆ ತನ್ನ ಮಣ್ಣಿನ ಕೈ ಇಟ್ಟು, ಒಳಗೆ ಹೋದಳು. ಮುಷ್ಟಿಯಲ್ಲಿ ಏನಿದೆಯೆಂದು ಆಕೆಗೆ ಗೊತ್ತಾಗಿರಲಿಲ್ಲವೆಂದು ನಾನು ಬಹಳ ದಿನ ನಂಬಿಕೊಂಡಿದ್ದೆ.

ಇಳಿಯುವ ದಾರಿಯಲ್ಲಿ, ಮೊದಲನೆಯ ತಿರುವಿನಲ್ಲೇ, ರಾಯರು ನಿಂತು "ಒಗೀರಿ ಅದನ್ನ" ಎಂದರು. ಒಂದು ತಂಬಾಕಿನ ಹೊಲದ ಬದುವಿಗೆ ಒಗೆದೆ. ಹೆಡ್‌ಕ್ಲಾರ್ಕರ ಹೆದರಿಕೆಗೆ ಒಗೆದೆ ಎಂದರೆ ಅರ್ಧ ಸುಳ್ಳಾಗುತ್ತದೆ. ನನಗೂ ಹೇಸಿಗೆ ಬಂದಿತ್ತು. ಸತ್ತವನ ಕೂಳು ನನ್ನ ಬೆವರಿಗೆ ಅಂಟಿಕೊಂಡು ಜಿಗುಟಾಗಿತ್ತು. ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡೆ. ರಾಯರು ಕಕ್ಕುವಷ್ಟಾದರೂ ಪ್ರಾಮಾಣಿಕರಿದ್ದರು. ನಾನು ತಿಂದೆನೆಂದು ಹೇಳಿ ಒಗೆದವನು.

ಪುಣೆಗೆ ಬಂದ ಮೇಲೆ ರಾಯರು ನಾಸಿಕಕ್ಕೆ ಹೋಗಿ ಪಂಚಗವ್ಯ ಕುಡಿದು, ಜನಿವಾರ ಬದಲಿಸಿಕೊಂಡು ಬಂದರು. ಸಮುದ್ರ ದಾಟಿದ್ದಕ್ಕೆ ಪ್ರಾಯಶ್ಚಿತ್ತ ಎಂದು ಎಲ್ಲರಿಗೂ ಹೇಳಿದರು. ಯಾವುದಕ್ಕೆ ಎಂದು ನನಗೊಬ್ಬನಿಗೆ ಗೊತ್ತಿತ್ತು. ಇಷ್ಟಕ್ಕೇ ಮುಗಿದಿದ್ದರೆ ನಾನು ಅವರನ್ನು ಮಡಿಯ ಹುಚ್ಚಿನವರೆಂದು ಬಿಟ್ಟುಬಿಡುತ್ತಿದ್ದೆ. ಮುಗಿಯಲಿಲ್ಲ. ಮರುವರ್ಷ ಗಣಪತಿ ಹಬ್ಬದಲ್ಲಿ ನಮ್ಮ ಕನ್ನಡ ಮಂದಿಯೆಲ್ಲ ಕೂಡಿ ವ್ಯಾಖ್ಯಾನ ಇಡಿಸಿದರು. ನಾಲ್ಕನೆಯ ದಿನ ರಾಯರದು: ಗ್ರೀಸ್ ದೇಶದ ಒಂದು ಹಳ್ಳಿ.

ಎಷ್ಟು ಚೆಂದ ಮಾತಾಡಿದರೆಂದರೆ, ನಾನು ಆ ಊರಿಗೆ ಹೋಗಿರದಿದ್ದರೆ ಕಣ್ಣೀರು ಹಾಕುತ್ತಿದ್ದೆ. ಕಲ್ಲಿನ ಮನೆ, ಅಕ್ರೋಟದ ಮರ, ಸದ್ದಿಲ್ಲದ ಬೀದಿ, ಆಡಿನ ಕೊರಳ ಗಂಟೆ. ತಾವು ಬೇಲಿ ಹತ್ತಿ ತಪ್ಪಿಸಿಕೊಂಡಿದ್ದ ಆಡುಗಳೇ ಅಲ್ಲಿ ಕೃಷ್ಣನ ಗೋವುಗಳಾಗಿಬಿಟ್ಟವು. ಕೊನೆಗೆ, "ಅಲ್ಲಿ ಒಬ್ಬ ಮುದುಕಿ, ಮಗನ್ನ ಕಳಕೊಂಡಾಕಿ, ತನ್ನ ಕೈಯಾರೆ ನನಗ ಪ್ರಸಾದ ಹಾಕಿದ್ಲು. ನಾ ಮೂರು ಸಲ ಈಸ್ಕೊಂಡು ತಿಂದೆ. ಆಕಿ ನನ್ನ ಹಣೀ ಹಿಡಿದು, ನನ್ನ ಮಗನ ಹೊಟ್ಟಿ ತುಂಬಿತಪಾ ಅಂದ್ಲು" ಎಂದು ಗದ್ಗದರಾದರು. ಹೆಂಗಸರ ಕಡೆಯಿಂದ ಮೂಗು ಒರೆಸುವ ಸಪ್ಪಳ. ಚಪ್ಪಾಳೆ. ನಾನು ಹೊರಗೆ ಬಂದು ಗಟಾರದಲ್ಲಿ ಉಗುಳಿದೆ.

ಸುಳ್ಳು ಎಂದರೂ ಸುಳ್ಳಲ್ಲ. ಹಣೆ ಹಿಡಿದದ್ದೊಂದನ್ನು ಬಿಟ್ಟರೆ ಹೇಳಿದ ಒಂದೊಂದು ಮಾತೂ ನಡೆದದ್ದೇ. ಗೋಡೆಯ ಹತ್ತಿರದ್ದನ್ನು ಮಾತ್ರ ಬಿಟ್ಟಿದ್ದರು. ಕಾರ್ಯಕ್ರಮ ಮುಗಿದ ಮೇಲೆ ನನ್ನನ್ನು ಹುಡುಕಿಕೊಂಡು ಬಂದು, "ಹ್ಯಾಂಗಿತ್ತರೀ?" ಎಂದು ಕೇಳಿದರು. ನನ್ನ ಕಣ್ಣನ್ನೇ ನೋಡುತ್ತಿದ್ದರು.

"ಚಲೋ ಇತ್ರಿ ರಾಯರ" ಎಂದೆ. ಅದು ನನ್ನ ಎರಡನೆಯ ತಲೆಯಾಡಿಸುವಿಕೆ. ನನ್ನ ಮೇಲೆ ನನಗೆ ಹೇಸಿಗೆ ಹತ್ತಿದ್ದು ಅವತ್ತಿನಿಂದ. ರಾಯರನ್ನು ಕಂಡರೆ ಅದು ಹೆಚ್ಚಾಗುತ್ತಿತ್ತು, ಅದಕ್ಕೇ ಆಫೀಸಿನ ಹೊರಗೆ ಅವರನ್ನು ತಪ್ಪಿಸಿಕೊಂಡು ತಿರುಗಿದೆ. ಎಂಟು ತಿಂಗಳಿಗೆ ಎದೆನೋವು ಬಂದು ಅವರು ಹೋದರು. ಸುದ್ದಿ ಬಂದಾಗ ನಾನು ಚಹಾ ಕುಡಿಯುತ್ತಿದ್ದೆ. ಬಸಿಯನ್ನು ಕೆಳಗಿಡದೆ ಕುಡಿದು ಮುಗಿಸಿದೆ.

ಹೀಗಿರುವಾಗ ಈ ಮನುಷ್ಯನ ಜಾಗದಲ್ಲಿ ಕೂತು ಇವನ ಹಸಿವಿಗೆ ನಾನು ಉಣ್ಣಬೇಕಂತೆ. ನನ್ನ ಹೆಂಡತಿ ಖಡಾಖಂಡಿತ ಬೇಡವೆಂದಳು. "ನಿಮಗೇನು ಬಂದದ ಆಪತ್ತು? ಮಕ್ಕಳು ಮರಿ ಇದ್ದ ಮನಿ." ನಾನೂ ಬೇಡವೆಂದು ಹೇಳಿ ಬರಲೆಂದೇ ಮರುದಿನ ಶನಿವಾರ ಪೇಠೆಗೆ ಹೋದೆ. ಆ ನಳದ ಹತ್ತಿರ ಈಗ ಯಾರೂ ಕಾಯುತ್ತಿರಲಿಲ್ಲ. ನಳಕ್ಕೆ ಹಸಿರು ಕಿಲುಬು ಹಿಡಿಯಲು ಸುರುವಾಗಿತ್ತು.

ರಾಯರ ಹೆಂಡತಿ ಬಾಗಿಲ ಮರೆಯಿಂದ ಮಾತಾಡಿದರು. ಇಷ್ಟು ವರ್ಷದಲ್ಲಿ ಆ ವೈನಿಯ ದನಿಯನ್ನು ನಾನು ಸರಿಯಾಗಿ ಕೇಳಿಯೇ ಇರಲಿಲ್ಲ.

"ನಿಮ್ಮನ್ನ ಒಂದು ಕೇಳಬೇಕಾಗಿತ್ತರೀ. ಅಲ್ಲೇ ಆ ದೇಶದಾಗ ಏನಾತು?"

"ಯಾಕ್ರಿ ವೈನಿ?"

"ಅವರಿಗೆ ಗೋಧಿ ಹುಗ್ಗಿ ಅಂದ್ರ ಪ್ರಾಣ. ಅಲ್ಲಿಂದ ಬಂದ ಮ್ಯಾಲೆ ಒಂದು ದಿನಾನೂ ಮುಟ್ಟಲಿಲ್ಲ. ನಾ ಮಾಡಿ ಬಡಿಸಿದ್ರ ಎಲೀ ಮುಂದ ಕೂತು ಅದನ್ನ ನೋಡ್ತಿದ್ರು. ಆಮ್ಯಾಲೆ ಎದ್ದು ಹೋಗ್ತಿದ್ರು. ನಾ ಮಡೀಲೆ ಮಾಡಿಲ್ಲಂತ ಸಂಶಯ ಬಂತೋ ಏನೋ. ನಾ ಏನು ತಪ್ಪು ಮಾಡಿದೆ ಅಂತ ಕೇಳಿದ್ರ ಹೇಳಲಿಲ್ಲ." ಬಾಗಿಲನ್ನು ಇನ್ನಷ್ಟು ಎಳೆದುಕೊಂಡು, "ಹನ್ನೊಂದನೇ ದಿನ ನಾ ಹುಗ್ಗಿ ಮಾಡಾಕಿ. ಅವತ್ತರೆ ಉಂಡಾರೇನು ಅಂತ. ಯಾರೂ ಬರ್ಲಿಲ್ಲಾಂದ್ರ ಎಲ್ಲಾ ತಗೊಂಡು ಬೆಂಕಿಗೆ ಹಾಕೋದು ಅಂತಾರ ಭಟ್ಟರು" ಎಂದರು.

ಹುಗ್ಗಿಯ ಮುಂದೆ ರಾಯರು ಕೂತು ನೋಡುತ್ತಿದ್ದದ್ದು ಹೇಸಿಗೆಯಿಂದಲೋ, ನಾಚಿಕೆಯಿಂದಲೋ? ನನಗೆ ತಿಳಿಯದು. ಇಷ್ಟೆಲ್ಲ ಬರೆದ ಮೇಲೂ ತಿಳಿಯದು. ಬೇಡವೆಂದು ಹೇಳಲು ಬಂದವನು, "ಬರ್ತೀನ್ರಿ" ಎಂದು ಹೇಳಿ ಹೊರಗೆ ಬಂದೆ. ವೈನಿಗೆ ನಡೆದದ್ದನ್ನು ಹೇಳುವ ಧೈರ್ಯ ಮಾತ್ರ ಆಗಲಿಲ್ಲ.

ಹನ್ನೊಂದನೆಯ ದಿನ ಹಿತ್ತಲಿನ ಪಡಸಾಲೆಯಲ್ಲಿ ಒಂದೇ ಒಂದು ಎಲೆ. ಎದುರಿಗೆ ಭಟ್ಟರು, ಪಕ್ಕದಲ್ಲಿ ತಲೆ ಬೋಳಿಸಿದ ತಮ್ಮ. ನನ್ನನ್ನು ರಾಯರ ಹೆಸರಿನಿಂದ ಕರೆದು ಕೂರಿಸಿದರು. ಆ ಹೆಸರಿಗೆ ನಾನು ಓಗೊಟ್ಟೆ. ಅನ್ನ, ತೊವ್ವೆ, ವಡೆ, ಎಲೆಯ ನಡುವೆ ಹುಗ್ಗಿ. ರೇಶನ್ನಿನ ಗೋಧಿ, ಪುಣೆಯಲ್ಲಿ ಆಗ ಕಾಳಿನ ಜೊತೆ ಅಷ್ಟೇ ಕಸ ಬರುತ್ತಿತ್ತು. ಆದರೆ ಆ ಹುಗ್ಗಿಯಲ್ಲಿ ಒಂದು ಹರಳಿಲ್ಲ, ಒಂದು ಒಡೆದ ಕಾಳಿಲ್ಲ. ಎಷ್ಟು ಹೊತ್ತು ಕೂತು ಆರಿಸಿದ್ದರೋ.

ಮೊದಲನೆಯ ತುತ್ತು ಬಾಯಿಗಿಟ್ಟೆ. ರಾಯರ ಮುಖ ಕಣ್ಣ ಮುಂದೆ ಬಂತು, ಗೋಡೆಯ ಹತ್ತಿರದ ಆ ಸಪ್ಪಳವೂ ಬಂತು. ನುಂಗಿದೆ. ತಲೆ ಎತ್ತಿದರೆ, ಅಡಿಗೆಮನೆಯ ಬಾಗಿಲ ಸಂದಿನಿಂದ ವೈನಿ ನನ್ನ ಗಂಟಲನ್ನೇ ನೋಡುತ್ತಿದ್ದರು. ಎರಡನೆಯ ಸಲ ಬಡಿಸಲು ತಮ್ಮ ಬಗ್ಗಿದರು; ಬಡಿಸಿಕೊಂಡೆ. ಮೂರನೆಯ ಸಲ ನಾನೇ ಕೇಳಿದೆ. ಭಟ್ಟರು ಹುಬ್ಬೇರಿಸಿದರು; ಆ ಊಟದಲ್ಲಿ ಯಾರೂ ಕೇಳಿ ಹಾಕಿಸಿಕೊಳ್ಳುವುದಿಲ್ಲ.

"ತೃಪ್ತಿ ಆಯ್ತೇನ್ರಿ?" ಎಂದು ತಮ್ಮನಿಂದ ಕೇಳಿಸಿದರು.

"ಆಯ್ತು" ಎಂದೆ. ಅಂದ ಮೇಲೆ, ಮನಸ್ಸಿನಲ್ಲಿ, ಥಾನಾಸಿಯ ಹೆಸರನ್ನೂ ಹೇಳಿಕೊಂಡೆ. ಅಂಥ ಜಾಗದಲ್ಲಿ ಪರದೇಶದವನ ಹೆಸರು ಸಲ್ಲುತ್ತದೋ ಇಲ್ಲವೋ ಭಟ್ಟರನ್ನು ಕೇಳಲಿಲ್ಲ.

ಕೈ ತೊಳೆಯಲು ಅಂಗಳದ ನಳದ ಹತ್ತಿರ ಬಂದೆ. ಅಲ್ಲಿ ತಡೆಯಲಾಗಲಿಲ್ಲ. ಉಂಡದ್ದೆಲ್ಲ ಒಂದೇ ಸಲಕ್ಕೆ ಗಂಟಲಿಗೆ ಏರಿತು. ನಳ ಹಿಡಿದುಕೊಂಡು ಬಗ್ಗಿದೆ. ಬೆರಳು ಬೇಕಿರಲಿಲ್ಲ, ಬಾಯಿ ತೆಗೆದರೆ ಸಾಕಿತ್ತು. ಹಿಂದೆ ಹೆಜ್ಜೆಯ ಸಪ್ಪಳ ಕೇಳಿ ತಿರುಗಿದರೆ ವೈನಿ. ಹನ್ನೊಂದು ದಿನ ಹೊಸ್ತಿಲು ದಾಟದವರು, ಎಂಟು ಮನೆಯವರು ನೋಡುತ್ತಿರುವಾಗ, ಬೋಳು ಹಣೆಯಲ್ಲಿ ಅಂಗಳಕ್ಕೆ ಬಂದಿದ್ದರು. ಕೈಯಲ್ಲಿ ನೀರಿನ ತಂಬಿಗೆ.

"ಯಾಕ್ರಿ? ಸೇರಲಿಲ್ಲೇನು?" ಎಂದರು. ಮುಖ ಬೆಳ್ಳಗಾಗಿತ್ತು.

ಬಾಯಿಗೆ ಬಂದಿದ್ದನ್ನು ಹಾಗೇ ತಿರುಗಿ ನುಂಗಿದೆ. ಕಣ್ಣಲ್ಲಿ ನೀರು ಬಂತು. ಕೈ ಚಾಚಿ, ಅವರ ಬೆರಳು ತಾಗುವ ಹಾಗೆಯೇ, ತಂಬಿಗೆಯನ್ನು ಅವರ ಕೈಯಿಂದ ತೆಗೆದುಕೊಂಡೆ.

"ಸೇರಿತ್ರಿ ವೈನಿ" ಎಂದೆ. "ಭಾಳ ದಿನಾ ಆಗಿತ್ತು ಉಂಡು."